ಪೂರ್ವಕ್ಕೆ ಈರಣ್ಣನ ತೋಟ

ಕರಡಿಗುಡ್ಡದ ಹಟ್ಟಿ
5 ಫೆಬ್ರವರಿ 2024

ಈರಣ್ಣನಿಗೆ,

ನಾನು ಕ್ಷೇಮ. ನೀನೂ ಕ್ಷೇಮವಾಗಿರು. ನನ್ನ ಬಂದೂಕು ಬರುವ ತನಕ ನಿನಗೆ ನೆಗಡಿ ಕೂಡ ಆಗಬಾರದು.

ಕಳ್ಳಕೋವಿ ಅಂದುಕೊಳ್ಳಬೇಡ. ಮೊನ್ನೆ ಬುಧವಾರ ಜಿಲ್ಲಾ ಕಚೇರಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಹಾಕಿ ಬಂದಿದ್ದೇನೆ. ಯಾತಕ್ಕೆ ಬೇಕು ಅನ್ನುವ ಕಡೆ ‘ಬೆಳೆ ರಕ್ಷಣೆಗೆ, ಕಾಡುಹಂದಿ ಕಾಟ’ ಎಂದು ಬರೆದೆ. ಜಮೀನಿನ ಚೆಕ್ಕುಬಂದಿಯನ್ನೂ ಬರೆಯಬೇಕಿತ್ತು. ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗುಡ್ಡ, ಪೂರ್ವಕ್ಕೆ ಈರಣ್ಣನ ತೆಂಗಿನ ತೋಟ.

ಇನ್ನು ಪೊಲೀಸರು ಬಂದು ವಿಚಾರಣೆ ಮಾಡುತ್ತಾರಂತೆ. ಅರ್ಜಿದಾರ ಎಂಥವನು, ಕುಡಿಯುತ್ತಾನಾ, ಯಾರ ಮೇಲಾದರೂ ದ್ವೇಷ ಇದೆಯಾ ಎಂದು ಪಕ್ಕದ ಹೊಲದವರನ್ನು ಕೇಳಿ ಹೇಳಿಕೆ ಬರೆದುಕೊಳ್ಳುತ್ತಾರಂತೆ. ಹಳ್ಳ ಮಾತಾಡಲ್ಲ, ಗುಡ್ಡ ಮಾತಾಡಲ್ಲ. ನಿನ್ನನ್ನೇ ಕೇಳಬೇಕು. ‘ಅವನು ನನ್ನನ್ನು ಹೊಡೆಯೋಕೆ ಬಂದೂಕು ಕೇಳ್ತಿದಾನೆ ಸಾರ್’ ಅಂತ ಹೇಳು. ಈ ಕಾಗದವನ್ನೇ ತೋರಿಸು. ಆಗ ಅವರು ‘ಯಾಕೆ?’ ಅನ್ನುತ್ತಾರೆ. ಅದಕ್ಕೆ ಉತ್ತರ ಸಿದ್ಧ ಮಾಡಿಕೊ.

ಉತ್ತರ ನನಗೆ ಗೊತ್ತು. ನವೆಂಬರ್ ಇಪ್ಪತ್ತೊಂದರ ಮಂಗಳವಾರ ಬೆಳಿಗ್ಗೆ ನನ್ನ ಮಗ ಚಿತ್ತೇಶ ನಿನ್ನ ತೋಟದಲ್ಲಿ ಹೆಣವಾಗಿ ಬಿದ್ದಿದ್ದ. ಒದ್ದೆ ಕೈಯಲ್ಲಿ ಪಂಪಿನ ಸ್ಟಾರ್ಟರ್ ಮುಟ್ಟಿದ ಅಂದೆ ನೀನು. ಪಂಚನಾಮೆಯಲ್ಲೂ ಹಾಗೇ ಬರೆಸಿದೆ. ನನ್ನ ಹೆಗಲ ಮೇಲೆ ಕೈಯಿಟ್ಟು ‘ಇಲ್ಲೊಂದು ಸೈನ್ ಹಾಕ್ಲಾ ಜುಂಜ’ ಅಂದೆ, ನಾನು ಓದದೆ ಹಾಕಿದೆ. ಇಪ್ಪತ್ತೆರಡು ವರ್ಷ ಕುರಿ ಮಂದೆ ತಂದು ಗೊಬ್ಬರಕ್ಕೆ ಕೂರಿಸಿದ ತೋಟ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಯಾಕೆ ಓದಲಿ?

ಮಣ್ಣು ಮಾಡುವ ಮೊದಲು ಮೈ ತೊಳೆದವನು ನಾನು. ಎರಡು ಅಂಗೈಯೂ ಹಾಲು ಬಿಳುಪು, ಒಂದು ಕಲೆಯಿಲ್ಲ. ಎರಡು ಮೊಣಕಾಲ ಕೆಳಗೂ ಒಂದೇ ಎತ್ತರಕ್ಕೆ ಸುಟ್ಟ ಗೆರೆ. ಮಂದೆಯಲ್ಲಿ ಎರಡು ಕುರಿ ಕಡಿಮೆಯಿದ್ದವು. ಹದಿನಾಲ್ಕು ದಿನದ ಮೇಲೆ ನಮ್ಮ ನಾಯಿ ಅವನ್ನು ನಿನ್ನ ತೆಂಗಿನ ಗುಂಡಿಯಿಂದ ಕೆದಕಿ ತೆಗೆಯಿತು. ಕುರಿಗಳೂ ಸ್ಟಾರ್ಟರ್ ಒತ್ತುತ್ತವೇನೋ ಈರ?

ಠಾಣೆಗೆ ಹೋಗಿ ಹೇಳಿದೆ. ಫೈಲು ಮುಚ್ಚಿದೆ, ಬರೆದುಕೊಂಡವರು ಟ್ರಾನ್ಸ್‌ಫರ್ ಆದರು, ಅರ್ಜಿ ಕೊಟ್ಟು ಹೋಗಿ ಅಂದರು. ಕೊಟ್ಟು ಬಂದೆ. ಅದೂ ಅಲ್ಲೇ ಎಲ್ಲೋ ಇದೆ.

ಮನೆಯಲ್ಲಿ ಮಚ್ಚು ಇಲ್ಲವಾ ಅಂತ ನೀನು ಕೇಳಬಹುದು. ಇದೆ. ಆದರೆ ಮಚ್ಚು ಹಿಡಿದರೆ ಹತ್ತಿರ ಬರಬೇಕು. ಹತ್ತಿರ ಬಂದರೆ ನೀನು ‘ಬಾರ್ಲಾ ಜುಂಜ, ಕೂತ್ಕ’ ಅನ್ನುತ್ತೀಯ, ನಾನು ಕೂತುಬಿಡುತ್ತೇನೆ. ಅದಕ್ಕೇ ದೂರದಿಂದ ಹೊಡೆಯುವಂಥದ್ದು ಬೇಕು. ಫೋನ್ ಮಾಡದೆ ಕಾಗದ ಬರೆಯುತ್ತಿರುವುದೂ ಅದಕ್ಕೇ. ನಿನ್ನ ದನಿ ನನಗೆ ಬೇಡ.

ಇಂತಿ,
ಚಿತ್ತೇಶನ ಅಪ್ಪ ಜುಂಜಣ್ಣ

*

ಶೆಟ್ಟಿಕೆರೆ ತೋಟದ ಮನೆ
19 ಫೆಬ್ರವರಿ 2024

ಜುಂಜಾ,

ನಿನ್ನ ಕಾಗದ ಬಂತು. ಪೋಸ್ಟಿನ ಸಣ್ಣತಿಮ್ಮಯ್ಯ ಅಕ್ಷರ ನೋಡಿಯೇ ಗುರುತು ಹಿಡಿದು ‘ಏನಂತೆ ಜುಂಜಣ್ಣ?’ ಅಂದ. ‘ಬತ್ತಾನಂತೆ’ ಅಂದೆ.

ಮಗನನ್ನು ಕಳೆದುಕೊಂಡವನ ಬಾಯಲ್ಲಿ ಏನು ಬಂದರೂ ನಾನು ಬೇಸರ ಮಾಡಿಕೊಳ್ಳಲ್ಲ. ಚಿತ್ತೇಶ ನನಗೂ ಮಗನೇ. ಆದರೆ ಯಾರೋ ನಿನ್ನ ತಲೆಗೆ ಹುಳ ಬಿಟ್ಟಿದ್ದಾರೆ. ಸುಟ್ಟ ಗೆರೆ ಎಲ್ಲಿತ್ತು ಅನ್ನುವುದನ್ನು ಡಾಕ್ಟರು ನೋಡಿದ್ದಾರೆ, ನೀನು ಡಾಕ್ಟರಲ್ಲ. ಕುರಿಗಳ ಮಾತಿಗೆ ಬಂದರೆ, ಗುಂಡಿಯಲ್ಲಿ ಬಿದ್ದು ಸತ್ತಿರಬೇಕು.

ಹೇಳಿಕೆ ಬೇಕಾದರೆ ಒಳ್ಳೆಯದನ್ನೇ ಕೊಡುತ್ತೇನೆ. ‘ಅರ್ಜಿದಾರರು ಸಾಧು ಸ್ವಭಾವದವರು, ಬಂದೂಕು ಕೊಟ್ಟರೂ ಯಾರಿಗೂ ತೊಂದರೆಯಿಲ್ಲ’ ಅಂತ ಬರೆಸುತ್ತೇನೆ, ಸರಿಯಾ? ಹೈಸ್ಕೂಲಿನ ಹಿಂದಿನ ಮಾವಿನ ಮರಕ್ಕೆ ಮೂರು ವರ್ಷ ಕಲ್ಲು ಹೊಡೆದೆ, ಒಂದು ಕಾಯಿ ಬೀಳಿಸಲಿಲ್ಲ ನೀನು. ಹೆಡ್‌ಮಾಸ್ಟರ ಕಿಟಕಿ ಮಾತ್ರ ಬೀಳಿಸಿದೆ. ಹಂದಿಗಳು ನಿಶ್ಚಿಂತೆಯಾಗಿರಬಹುದು.

ಈ ವರ್ಷವೂ ಮಂದೆ ತಂದು ಕೂರಿಸು. ಗರಿಯೆಲ್ಲ ಹಳದಿಗೆ ತಿರುಗಿವೆ, ನೆಲ ಕಾಯುತ್ತಿದೆ. ನಮ್ಮನೆಯವಳು ತಿಮ್ಮಕ್ಕನೂ ಕೇಳುತ್ತಿದ್ದಾಳೆ.

ಎಂದಿನ ಹಾಗೆ ನಿನ್ನ,
ಈರಣ್ಣ

*

ಕರಡಿಗುಡ್ಡದ ಹಟ್ಟಿ
10 ಜೂನ್ 2024

ಈರಣ್ಣನಿಗೆ,

ನಿನ್ನ ಆಯಸ್ಸು ಗಟ್ಟಿ ಕಣಪ್ಪ. ನಾಲ್ಕು ತಿಂಗಳಾಯಿತು, ಬಂದೂಕು ಬಂದಿಲ್ಲ.

ನನ್ನ ಕಡೆಯಿಂದ ತಡವಿಲ್ಲ. ಫೋಟೊ, ಪಹಣಿ, ಆಧಾರ್ ಎಲ್ಲ ಕೊಟ್ಟಿದ್ದೇನೆ. ತಲೆ, ಮೈ ಎರಡೂ ಸರಿಯಿವೆ ಅಂತ ಡಾಕ್ಟರ ಸರ್ಟಿಫಿಕೇಟು ಬೇಕು ಅಂದರು, ಅದನ್ನೂ ತಂದೆ. ‘ರಾತ್ರಿ ನಿದ್ದೆ ಬರ್ತದೇನಪ್ಪ?’ ಅಂದರು ಡಾಕ್ಟರು. ಬಂದೂಕು ಬಂದ ಮೇಲೆ ಬರುತ್ತದೆ ಸಾರ್ ಅಂದೆ. ಹಂದಿ ಕಾಟ ಜಾಸ್ತಿ ಇರಬೇಕು ಅಂದುಕೊಂಡು ಸೈನ್ ಹಾಕಿದರು.

ಪೊಲೀಸರ ವರದಿ ಮೂವತ್ತು ದಿನದಲ್ಲಿ ಹೋಗಬೇಕು ಅಂತ ನಿಯಮ ಇದೆಯಂತೆ. ಹೋಗಿ ಕೇಳಿದರೆ, ನಮ್ಮ ಠಾಣೆಗೆ ಮಂಜೂರಾಗಿರುವ ಆಳುಗಳಲ್ಲಿ ಅರ್ಧಕ್ಕರ್ಧ ಇಲ್ಲ. ಒಬ್ಬರು ನಿವೃತ್ತಿಯಾದರು, ಇಬ್ಬರು ಬೇರೆ ಊರಿಗೆ ನಿಯೋಜನೆ, ಇನ್ನೊಬ್ಬರಿಗೆ ಹೆರಿಗೆ ರಜೆ. ಬಂದೂಕಿನ ಅರ್ಜಿ, ಪಾಸ್‌ಪೋರ್ಟು, ಸರ್ಕಾರಿ ಕೆಲಸ ಸಿಕ್ಕವರ ನಡತೆ ವಿಚಾರಣೆ ಎಲ್ಲಕ್ಕೂ ಇರುವುದು ಎ.ಎಸ್.ಐ. ದಯಾನಂದ್ ಒಬ್ಬರೇ. ನಲವತ್ತೆಂಟು ಹಳ್ಳಿ. ಮಾರ್ಚಿನಲ್ಲಿ ಹೋದಾಗ ‘ಎಲೆಕ್ಷನ್ ಮುಗೀಲಿ ಕಣಪ್ಪ’ ಅಂದರು. ಎಲೆಕ್ಷನ್ನಿನಲ್ಲಿ ಬಂದೂಕು ಇದ್ದವರೂ ತಂದು ಠಾಣೆಗೆ ಒಪ್ಪಿಸಬೇಕಂತೆ, ಇಲ್ಲದವನಿಗೆ ಎಲ್ಲಿಂದ ಕೊಡುತ್ತಾರೆ? ಎಲೆಕ್ಷನ್ ಮುಗಿಯಿತು. ಹೋದ ವಾರ ಹೋದರೆ ‘ಜಾತ್ರೆ ಬಂದೋಬಸ್ತ್ ಇತ್ತು, ಇನ್ನು ನಿನ್ದೇ’ ಅಂದರು. ಅವರ ಮೇಜಿನ ಮೇಲಿನ ಫೈಲಿನ ರಾಶಿ ಅವರ ಎದೆಮಟ್ಟಕ್ಕಿದೆ. ಅದರಲ್ಲಿ ನನ್ನದು ಯಾವುದು ಅಂತ ಅವರಿಗೂ ಗೊತ್ತಿಲ್ಲ.

ನೀನು ಬದುಕಿರುವುದು ದೇವರ ದಯೆಯಿಂದ ಅಂದುಕೊಳ್ಳಬೇಡ. ಖಾಲಿ ಕುರ್ಚಿಗಳ ದಯೆಯಿಂದ ಬದುಕಿದ್ದೀಯ.

ಚಿತ್ತೇಶನ ಅಮ್ಮ ರಂಗಕ್ಕನಿಗೆ ಬಂದೂಕು ಹಂದಿಗೆ ಅಂತಲೇ ಹೇಳಿದ್ದೆ. ಮೊನ್ನೆ ರಾಗಿ ಬೀಸುತ್ತಾ ‘ಬಂದ್‌ಮ್ಯಾಲೆ ಮೊದ್ಲು ಯಾವ ಹಂದಿಗೆ?’ ಅಂದಳು.

ಮಾವಿನಕಾಯಿ ವಿಷಯ ಬರೆದು ನಕ್ಕೆಯಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಬೇಲಿಗೂಟದ ಮೇಲೆ ಡಬ್ಬವಿಟ್ಟು ಕಲ್ಲು ಹೊಡೆಯುತ್ತಿದ್ದೇನೆ. ಮೂವತ್ತು ಹೆಜ್ಜೆಯಿಂದ ಹತ್ತಕ್ಕೆ ಎಂಟು ಬೀಳುತ್ತದೆ. ನಿನ್ನ ತಲೆ ಡಬ್ಬಕ್ಕಿಂತ ದೊಡ್ಡದು.

ಇಂತಿ,
ಜುಂಜಣ್ಣ

*

ಶೆಟ್ಟಿಕೆರೆ ತೋಟದ ಮನೆ
28 ಜುಲೈ 2024

ಜುಂಜಾ,

ಅರ್ಜಿ ಏನಾಯಿತು? ಇಲ್ಲಿಗೆ ಯಾರೂ ಬಂದಿಲ್ಲ. ಬಂಡಿದಾರಿಯಲ್ಲಿ ಬೈಕಿನ ಸದ್ದಾದರೆ ಸಾಕು, ಕೊಬ್ಬರಿ ಅಟ್ಟದಿಂದ ಇಳಿದು ಬಂದು ನೋಡುತ್ತೇನೆ. ಒಂದು ಸಲ ಗ್ಯಾಸಿನವನು, ಒಂದು ಸಲ ಕಾಯಿ ಕೀಳುವವನು. ನಿಮಗ್ಯಾಕೆ ಕಾಲು ನಿಲ್ಲುತ್ತಿಲ್ಲ ಅಂತ ತಿಮ್ಮಕ್ಕ ಕೇಳುತ್ತಾಳೆ.

ಮೊದಲನೆಯ ಕಾಗದಕ್ಕೆ ನಾನು ಬರೆದದ್ದು ಸುಳ್ಳು. ತಮಾಷೆ ಮಾಡಿ ಬರೆದೆ, ಅದು ಇನ್ನೂ ಕೆಟ್ಟದ್ದು. ಈಗ ನೆಟ್ಟಗೆ ಬರೆಯುತ್ತೇನೆ.

ತಂತಿ ನನ್ನದೇ. ಹಂದಿಗಳು ಎಳೆಸಸಿಯನ್ನೆಲ್ಲ ಬುಡ ಮೇಲು ಮಾಡುತ್ತಿದ್ದವು. ಪಂಪ್‌ಹೌಸಿನಿಂದ ಲೈನ್ ಎಳೆದು, ನಿನ್ನ ಹೊಲದ ಕಡೆಯ ಬೇಲಿಗುಂಟ ಮೊಣಕಾಲೆತ್ತರಕ್ಕೆ ಬಿಗಿದಿದ್ದೆ. ಸಂಜೆ ಹಾಕಿ ಬೆಳಿಗ್ಗೆ ತೆಗೆಯುತ್ತಿದ್ದೆ. ತಪ್ಪು ಅಂತ ಗೊತ್ತಿತ್ತು. ಇಲ್ಲಿ ಹಾಕದವರು ಯಾರಿದ್ದಾರೆ ಅಂತಲೂ ಅಂದುಕೊಂಡಿದ್ದೆ.

ಬೆಳಿಗ್ಗೆ ಹೋಗಿ ನೋಡಿದಾಗ ಅವನು ಬೇಲಿಯ ಸಂದಿಯಲ್ಲಿ ಕವುಚಿ ಬಿದ್ದಿದ್ದ, ಪಕ್ಕದಲ್ಲಿ ಎರಡು ಕುರಿ. ಉಳಿದ ಮಂದೆ ನಿನ್ನ ಹೊಲದಲ್ಲೇ ಸುಮ್ಮನೆ ನಿಂತಿತ್ತು. ಲೈನ್ ತೆಗೆದು ತಂತಿ ಸುತ್ತಿಟ್ಟೆ. ಅವನನ್ನು ಎತ್ತಿ ಪಂಪ್‌ಹೌಸಿಗೆ ತಂದೆ. ಮಗಳು ಯೋಗಿತಾಳ ಮದುವೆಗೆ ಇಪ್ಪತ್ತು ದಿನ ಇತ್ತು. ಇದನ್ನು ನೆಪ ಅಂತ ಬರೆಯುತ್ತಿಲ್ಲ, ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಅಂತ ಬರೆಯುತ್ತಿದ್ದೇನೆ.

ಆದರೆ ಜುಂಜಾ, ನಿಮ್ಮ ಹಟ್ಟಿಯವರು ಸೋಮವಾರ ಮಂದೆ ಕದಲಿಸುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕದಲಿಸಿಲ್ಲ. ಮಂಗಳವಾರ ನೀವು ಬರುತ್ತೀರಿ, ಬೆಳಿಗ್ಗೆಯೇ ತಂತಿ ಸುತ್ತಿ ಅಟ್ಟಕ್ಕೆ ಹಾಕೋಣ ಅಂತ ಇದ್ದೆ. ಅವನು ಸೋಮವಾರ ಯಾಕೆ ಬಂದ? ಅದೊಂದು ಹೇಳಿ ಆಮೇಲೆ ಹೊಡಿ.

ಈರಣ್ಣ

*

ಶೆಟ್ಟಿಕೆರೆ ತೋಟದ ಮನೆ
30 ಸೆಪ್ಟೆಂಬರ್ 2024

ಜುಂಜಾ,

ಎರಡು ತಿಂಗಳಾಯಿತು. ಠಾಣೆಯಲ್ಲಿ ಜನ ಇಲ್ಲ, ಸರಿ. ನಿನ್ನ ಮನೆಯಲ್ಲಿ ಪೆನ್ನೂ ಇಲ್ಲವಾ?

ಬಯ್ಯುವುದಾದರೆ ಬಯ್ದು ಬರಿ. ಏನೂ ಬರೆಯದೆ ಇರಬೇಡ.

ಈರಣ್ಣ

*

ಕರಡಿಗುಡ್ಡದ ಹಟ್ಟಿ
18 ನವೆಂಬರ್ 2024, ಸೋಮವಾರ

ಈರಣ್ಣನಿಗೆ,

ಸೋಮವಾರ ಯಾಕೆ ಬಂದ ಅಂತ ಕೇಳಿದೆಯಲ್ಲ. ತಗೋ.

ನಮ್ಮ ಮಂದೆ ಆಗ ಹೊನ್ನವಳ್ಳಿ ಕಡೆಯ ಒಂದು ತೋಟದಲ್ಲಿ ಕೂತಿತ್ತು. ಭಾನುವಾರ ಆ ತೋಟದವರು ಹೇಳದೆ ಕೇಳದೆ ಬೋರ್‌ವೆಲ್ ನೀರು ಹಾಯಿಸಿದರು. ಸೋಮವಾರ ಹೊತ್ತು ಹುಟ್ಟುತ್ತಲೇ ಚಿತ್ತೇಶ ಫೋನ್ ಮಾಡಿದ. ‘ಅಪ್ಪಾ, ನೆಲ ಎಲ್ಲಾ ಕೆಸ್ರು. ಮರಿಗಳು ನಡುಗ್ತಾ ಅವೆ. ಈರಣ್ಣ ಮಾವನ್ ತೋಟಕ್ಕೆ ಇವತ್ತೇ ಹೊಡ್ಕಂಡ್ ಹೋಗ್ಲಾ? ಸೋಮವಾರ ಬ್ಯಾರೆ’ ಅಂದ. ಸೋಮವಾರ ಅಂತ ಮರಿ ಸಾಯ್ಸಕಾಯ್ತದಾ, ಹೋಗ್ಲಾ ಅಂದೆ. ‘ಮಾವಂಗೊಂದು ಫೋನ್ ಮಾಡ್ಲಾ?’ ಅಂದ. ‘ನಮ್ ತೋಟ ಇದ್ದಂಗೆ, ಕೇಳೋದೇನು ಬುಡು’ ಅಂದೆ.

ಇದನ್ನು ರಂಗಕ್ಕನಿಗೆ ಹೇಳಿಲ್ಲ. ಮಣ್ಣು ಮಾಡಿದ ದಿನ ಹಟ್ಟಿಯ ಹಿರೀಕರು ‘ಸೋಮವಾರ ಯಾಕೆ ಕದಲಿಸ್ದ ಹುಡ್ಗ?’ ಅಂದಾಗ ನೆಲ ನೋಡಿದೆ. ಆ ತಪ್ಪನ್ನೂ ಅವನ ಮೇಲೆಯೇ ಬಿಟ್ಟೆ. ನೀನು ಕೇಳದಿದ್ದರೆ ಅದು ನನ್ನೊಳಗೇ ಇದ್ದು ನನ್ನೊಡನೆಯೇ ಹೋಗುತ್ತಿತ್ತು. ಕೇಳಿಬಿಟ್ಟೆ. ಅದಕ್ಕೇ ನಾಲ್ಕು ತಿಂಗಳು ಪೆನ್ನು ಮುಟ್ಟಲಿಲ್ಲ. ಅದಕ್ಕೇ ನಿನ್ನ ಲೆಕ್ಕಕ್ಕೆ ಇನ್ನೂ ಒಂದು ಗುಂಡು ಸೇರಿದೆ.

ಹಾಗಾದರೆ ಇಬ್ಬರದೂ ಸಮ ಅಂದುಕೊಳ್ಳಬೇಡ. ನಂಬಿ ಕಳಿಸಿದ್ದು ನನ್ನ ತಪ್ಪು. ತಂತಿ ಬಿಗಿದದ್ದು ನಿನ್ನ ತಪ್ಪು. ಅಷ್ಟೇ ಆಗಿದ್ದರೆ ನಿನ್ನ ಕತ್ತು ಹಿಡಿದು ಅತ್ತುಬಿಡುತ್ತಿದ್ದೆನೋ ಏನೋ. ಆದರೆ ನೀನು ಅವನನ್ನು ಎತ್ತಿ ಒಯ್ದು ಸ್ಟಾರ್ಟರಿನ ಕೆಳಗೆ ಹಾಕಿದೆ. ಹತ್ತು ವರ್ಷದವನಿದ್ದಾಗಿಂದ ಪಂಪ್ ಹಾಕಿದ ಹುಡುಗನನ್ನು ಒದ್ದೆ ಕೈಯ ಪೆದ್ದ ಅಂತ ಸರ್ಕಾರದ ಕಾಗದದಲ್ಲಿ ಬರೆಸಿದೆ. ನೆಂಟರ ಮನೆಗೆ ಹೋದರೆ ‘ಸ್ವಲ್ಪ ನೋಡ್ಕಂಡು ಮುಟ್ಬಾರ್ದಿತ್ತಾ?’ ಅನ್ನುತ್ತಾರೆ, ಅವನ ಅಮ್ಮನ ಎದುರಿಗೆ. ನಾನು ನಿನ್ನನ್ನು ಹೊಡೆಯುವುದು ತಂತಿಗಲ್ಲ ಈರ. ಸ್ಟಾರ್ಟರಿಗೆ.

ನಿನ್ನೆಯೂ ಠಾಣೆಗೆ ಹೋಗಿದ್ದೆ. ದಯಾನಂದ್ ಸಾಹೇಬರು ಗಣಪತಿ ಬಂದೋಬಸ್ತಿನಲ್ಲಿ ಮಂಡಿ ನೋಯಿಸಿಕೊಂಡು ಒಂದು ತಿಂಗಳು ರಜೆ ಹಾಕಿದ್ದರಂತೆ. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಫೈಲುಗಳು ಎದೆಮಟ್ಟದಿಂದ ಕತ್ತಿನ ಮಟ್ಟಕ್ಕೆ ಬಂದಿವೆ. ಇನ್ನಷ್ಟು ದಿನ ಉಸಿರಾಡು.

ಇಂತಿ,
ಜುಂಜಣ್ಣ

*

ಶೆಟ್ಟಿಕೆರೆ ತೋಟದ ಮನೆ
9 ಮಾರ್ಚ್ 2025

ಜುಂಜಾ,

ಮೊನ್ನೆ ಶುಕ್ರವಾರ ದಯಾನಂದ್ ಬಂದರು.

ಬಸ್ಸಿಳಿದು ಎರಡು ಕಿಲೋಮೀಟರು ಬಿಸಿಲಲ್ಲಿ ಕುಂಟಿಕೊಂಡು ಬಂದಿದ್ದರು, ಠಾಣೆಯ ಜೀಪು ಎಲ್ಲಿಗೋ ಹೋಗಿತ್ತಂತೆ. ಕಟ್ಟೆಯ ಮೇಲೆ ಕೂತು ಪ್ಲಾಸ್ಟಿಕ್ ಕವರಿನಿಂದ ನಿನ್ನ ಫೈಲು ತೆಗೆದರು. ಅರ್ಜಿದಾರ ನಿಮಗೆ ಗೊತ್ತಾ, ಗೊತ್ತು. ಕುಡೀತಾನಾ, ಇಲ್ಲ. ಕೇಸು ಗೀಸು, ಇಲ್ಲ. ಉತ್ತರ ಬರುವ ಮೊದಲೇ ಬರೆದುಕೊಳ್ಳುತ್ತಿದ್ದರು. ಯಾರ ಮೇಲಾದರೂ ದ್ವೇಷ ಇದೆಯಾ ಅಂದರು.

‘ಇದೆ’ ಅಂದೆ.

ಪೆನ್ನು ನಿಂತಿತು. ‘ಯಾರ್ ಮೇಲೆ?’

‘ನನ್ನ ಮೇಲೆ.’

‘ಸುಮ್ನಿರ್ರೀ ಈರಣ್ಣೋರೆ. ಇಲ್ಲ ಅಂತ ಬರ್ಕೊಂಡು ಹೋಗ್ತೀನಿ. ಇದೇ ದಾರೀಲಿ ಇನ್ನೂ ನಾಲ್ಕ್ ಮನೆ ಅವೆ, ಐದಕ್ಕೆ ಬಸ್ಸು.’

‘ಬರೀರಿ ಸಾರ್. ನಾನು ಅವನ ಮಗನ್ನ ಕೊಂದಿದೀನಿ. ಅದಕ್ಕೆ ದ್ವೇಷ.’

ಅವರು ಹಾಳೆ ತಿರುಗಿಸಿ ಬರೆಯತೊಡಗಿದರು. ತಂತಿ, ಪಂಪ್‌ಹೌಸು, ಸ್ಟಾರ್ಟರು, ಕುರಿ ಹೂತ ಗುಂಡಿ, ಎಲ್ಲ. ಮೂರು ಹಾಳೆ ಆಯಿತು. ಐದರ ಬಸ್ಸು ತಪ್ಪಿತು. ತಿಮ್ಮಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ‘ನಂಗೂ ಸುಳ್ಳೇ ಹೇಳುದ್ರಾ?’ ಅಂದಳು. ಆಮೇಲೆ ನನ್ನ ಜೊತೆ ಮಾತಿಲ್ಲ.

ನಿನ್ನ ಬಂದೂಕು ತಪ್ಪಿಸುವುದಕ್ಕೆ ಹೀಗೆ ಮಾಡಿದೆ ಅಂತ ನೀನು ಅನ್ನುತ್ತೀಯ. ಪ್ರಾಣದ ಮೇಲೆ ಆಸೆ ಇಲ್ಲ ಅಂತ ನಾನು ಬರೆಯುವುದಿಲ್ಲ, ಇದೆ. ಆದರೆ ಈ ಒಂದು ವರ್ಷದಲ್ಲಿ ನನ್ನನ್ನು ಏನಾಯಿತು ಅಂತ ಕೇಳಿದ ಸರ್ಕಾರದ ಮನುಷ್ಯ ಅವರೊಬ್ಬರೇ. ಅದೂ ನಿನ್ನ ವಿಷಯಕ್ಕೆ ಕೇಳಿದ್ದು. ಅವರು ಹೋದ ವರ್ಷವೇ ಬಂದಿದ್ದರೆ ನೀನು ಸಾಧು ಅಂತ ಹೇಳಿ ಕಳಿಸಿಬಿಡುತ್ತಿದ್ದೆ.

ಈರಣ್ಣ

*

ಕರಡಿಗುಡ್ಡದ ಹಟ್ಟಿ
12 ಮೇ 2025

ಈರಣ್ಣನಿಗೆ,

ನಿನ್ನ ಉಪಾಯ ಫಲಿಸಿತು. ನನ್ನ ಅರ್ಜಿ ವಜಾ ಆಗಿದೆ. ಹದಿನೈದು ತಿಂಗಳು ಅಲೆದು, ಡಾಕ್ಟರಿಂದ ತಲೆ ಸರಿಯಿದೆ ಅಂತ ಬರೆಸಿಕೊಂಡು, ಡಬ್ಬಕ್ಕೆ ಕಲ್ಲು ಹೊಡೆದು ತೋಳು ಹರಿದುಕೊಂಡು, ಕೊನೆಗೆ ನನಗೆ ಸಿಕ್ಕಿದ್ದು ಒಂದು ಹಾಳೆ. ನಿನ್ನ ಜೀವ ಉಳಿಯಿತು. ಬಾಯಿಬಿಟ್ಟು ಸತ್ಯ ಹೇಳಿದ್ದರಲ್ಲೂ ನಿನಗೇ ಲಾಭ. ಎಂಥ ಗಟ್ಟಿಗನೋ ನೀನು!

ಆ ಹಾಳೆಯಲ್ಲಿ ಬರೆದಿದ್ದನ್ನು ಹಾಗೇ ಬರೆಯುತ್ತೇನೆ. ‘ಅರ್ಜಿದಾರರ ಮಗನಾದ ಚಿತ್ತೇಶ್ ಎಂಬುವನು ನೆರೆಯ ತೋಟದ ಬೇಲಿಗೆ ಅಕ್ರಮವಾಗಿ ಹಾಯಿಸಿದ್ದ ವಿದ್ಯುತ್ ತಂತಿ ತಗುಲಿ ಮೃತಪಟ್ಟಿರುವುದಾಗಿ ಸದರಿ ತೋಟದ ಮಾಲೀಕರೇ ಹೇಳಿಕೆ ನೀಡಿದ್ದು, ಅರ್ಜಿದಾರರಿಗೆ ಸದರಿಯವರ ಮೇಲೆ ತೀವ್ರ ದ್ವೇಷವಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ರಂಗಕ್ಕ ಮೂರು ಸಲ ಓದಿಸಿದಳು. ‘ಸ್ಟಾಟ್ರು ಇಲ್ವಲ್ಲ ಇದ್ರಾಗೆ?’ ಅಂದಳು. ಇಲ್ಲ ಅಂದೆ. ಹಾಳೆಯನ್ನು ಮಡಿಸಿ ದೇವರ ಗೂಡಿನಲ್ಲಿ ಇಟ್ಟಳು. ಆವತ್ತೇ ಅವಳಿಗೆ ಸೋಮವಾರದ ಫೋನಿನ ವಿಷಯವನ್ನೂ ಹೇಳಿದೆ. ಎದ್ದು ಹೊರಗೆ ಹೋದಳು. ನಾಲ್ಕು ದಿನ ನನಗೆ ಮುದ್ದೆ ಬಡಿಸಲಿಲ್ಲ. ಬಡಿಸದೆ ಇದ್ದದ್ದೇ ಸರಿ.

ನಿನ್ನ ಮೇಲೆ ಕೇಸು ಹಾಕಿದ್ದಾರೆ, ನಿನಗೆ ಬೇಲೂ ಸಿಕ್ಕಿದೆ ಅಂತ ಗೊತ್ತಾಯಿತು. ತೋಟಕ್ಕೆ ನೀರು ಕಟ್ಟಿಕೊಂಡು ಆರಾಮವಾಗಿದ್ದೀಯಂತೆ. ಇದು ಮುಗಿಯಿತು ಅಂದುಕೊಳ್ಳಬೇಡ.

ಜುಂಜಣ್ಣ

*

ಶೆಟ್ಟಿಕೆರೆ ತೋಟದ ಮನೆ
22 ಜೂನ್ 2025

ಜುಂಜಾ,

ತಿಮ್ಮಕ್ಕ ಯೋಗಿತಾಳ ಮನೆಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೋ ಗೊತ್ತಿಲ್ಲ.

ತಿಪಟೂರಿನ ಲಾಯರನ್ನು ನೋಡಿ ಬಂದೆ. ಅವನು ನಕ್ಕುಬಿಟ್ಟ. ‘ಪೊಲೀಸ್ನೋರ್ ಮುಂದೆ ಹೇಳಿದ್ದು ಕೋರ್ಟಲ್ಲಿ ನಿಲ್ಲಲ್ಲ ಕಣ್ರೀ. ಅದೂ ಅಲ್ದೆ ಚಾರ್ಜ್‌ಶೀಟ್ ಬರೀಬೇಕಲ್ಲ? ಸ್ಟೇಷನ್ನಲ್ಲಿ ಜನ ಎಲ್ಲವ್ರೆ? ಎರಡು ವರ್ಷ ಏನೂ ಆಗಲ್ಲ. ಅಷ್ಟರಲ್ಲಿ ಸಾಕ್ಷಿ ಸಾಯ್ತವೆ, ಫೈಲು ಕಳೀತದೆ. ಮನೇಗ್ ಹೋಗಿ ಮಲಿಕ್ಕಳಿ’ ಅಂದ.

ನಿನಗೆ ಸುಳ್ಳು ಬರೆಯುವುದು ಬೇಡ ಅಂತ ತೀರ್ಮಾನಿಸಿದ್ದೇನೆ, ಅದಕ್ಕೇ ಇದನ್ನೂ ಬರೆಯುತ್ತೇನೆ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಬರುವಾಗ ನಿದ್ದೆ ಬಂತು, ಒಂದೂವರೆ ವರ್ಷದಲ್ಲಿ ಮೊದಲ ಸಲ.

ಹೇಳುವುದನ್ನು ಹೇಳಿಯಾಯಿತು. ಕಾಗದದಲ್ಲಿ ಬಂದೂ ಆಯಿತು. ಇನ್ನು ಅದರ ಪಾಡಿಗೆ ಅದು ನಡೆಯಲಿ. ನಮ್ಮಿಬ್ಬರಿಗೂ ವಯಸ್ಸಾಯಿತು. ಸಾಧ್ಯವಾದರೆ ಈ ಕಾರ್ತೀಕಕ್ಕೆ ಮಂದೆ ತಂದು ಕೂರಿಸು. ಬೇಲಿಗೆ ಈಗ ಬರೀ ಮುಳ್ಳು.

ನಿನ್ನ,
ಈರಣ್ಣ

*

ಕರಡಿಗುಡ್ಡದ ಹಟ್ಟಿ
31 ಆಗಸ್ಟ್ 2025

ಈರಣ್ಣನಿಗೆ,

ನಿನಗೆ ನಿದ್ದೆ ಬಂತು ಅಂತ ಬರೆದೆಯಲ್ಲ, ಆ ಸಾಲನ್ನು ಓದಿದ ಮಾರನೆಯ ಬೆಳಿಗ್ಗೆಯೇ ನಾನು ಠಾಣೆಗೆ ಹೋದೆ.

ದಯಾನಂದ್ ಸಾಹೇಬರನ್ನು ಕೇಳಿದೆ, ಈರಣ್ಣನ ಚಾರ್ಜ್‌ಶೀಟಿನ ಕಾಗದ ಯಾರು ಬರೆಯಬೇಕು ಅಂತ. ‘ನಾನೇ ರೆಡಿ ಮಾಡ್ಬೇಕು, ಇನ್ಯಾರವ್ರೆ? ಇನ್ಸ್‌ಪೆಕ್ಟ್ರು ಸೈನ್ ಹಾಕ್ತಾರೆ’ ಅಂದರು. ಯಾವಾಗ ಅಂದೆ. ‘ಮೇಲಿನೋರು ದಿನಾ ಫೋನ್ ಮಾಡಿ ಪಾಸ್‌ಪೋರ್ಟ್ ಏನಾಯ್ತು, ಬಂದೂಕು ಏನಾಯ್ತು ಅಂತಾರೆ. ಎಪ್ಪತ್ತೊಂದು ಬಾಕಿ ಅವೆ. ಅವು ಮುಗೀದೆ ಬ್ಯಾರೆ ಫೈಲು ಮುಟ್ಟೋ ಹಂಗಿಲ್ಲ. ಮಂಡಿ ನೋಡು ಹೆಂಗೈತೆ, ಬಸ್ಸಿಳಿದು ನಡೆಯಕಾಗಲ್ಲ’ ಅಂದರು.

‘ಗಾಡಿ ನಂದು, ಓಡ್ಸೋನು ನಾನು. ಎಷ್ಟೊತ್ತಿಗೆ ಹೊರಡೋಣ ಸಾರ್?’ ಅಂದೆ.

ಮಂದೆಯನ್ನು ಹುಳಿಯಾರು ಕಡೆಯ ನಮ್ಮ ಭಾವಮೈದ ಲಕ್ಕಯ್ಯನಿಗೆ ಒಪ್ಪಿಸಿದ್ದೇನೆ. ಎರಡು ತಿಂಗಳಿಂದ ನನ್ನ ಎಕ್ಸೆಲ್ ಗಾಡಿಯ ಹಿಂದೆ ಸಾಹೇಬರು, ಮುಂದೆ ಫೈಲಿನ ಚೀಲ. ನಲವತ್ತೆಂಟು ಹಳ್ಳಿಯ ದಾರಿಯೂ ಕುರಿ ಮೇಯಿಸಿದವನಿಗೆ ಗೊತ್ತು. ಬಸ್ಸಿಗೆ ಕಾದರೆ ದಿನಕ್ಕೊಂದು ಆಗುತ್ತಿತ್ತು, ನನ್ನ ಗಾಡಿಯಲ್ಲಿ ಎರಡು, ಬಿಸಿಲು ಕಮ್ಮಿ ಇದ್ದರೆ ಮೂರು. ಬಂದೋಬಸ್ತಿಗೆ ಅವರನ್ನು ಎಳೆದುಕೊಂಡು ಹೋದ ದಿನ ಠಾಣೆಯ ಮರದ ಕೆಳಗೆ ಕಾಯುತ್ತೇನೆ, ಬಂದ ಕೂಡಲೇ ಹತ್ತಿಸಿಕೊಳ್ಳುತ್ತೇನೆ. ಗುರುಶಾಂತಮ್ಮನ ಮೊಮ್ಮಗಳ ಪಾಸ್‌ಪೋರ್ಟು ಒಂದು ವರ್ಷದಿಂದ ನಿಂತಿತ್ತು. ಮುಗಿಸಿ ಎದ್ದಾಗ ಆಯಮ್ಮ ನನಗೂ ಕೈ ಮುಗಿದಳು, ಪೊಲೀಸ್ ಅಂದುಕೊಂಡು. ಒಳ್ಳೆಯ ಕೆಲಸ ಮಾಡ್ತಿದೀಯಪ್ಪ ಅಂದಳು. ಯಾತಕ್ಕೆ ಮಾಡುತ್ತಿದ್ದೇನೆ ಅಂತ ನಾನು ಹೇಳಲಿಲ್ಲ.

ಹೋದ ವಾರ ಗುಡ್ಡದಾಚೆಯ ಹಟ್ಟಿಯಲ್ಲಿ ಇನ್ನೊಬ್ಬನ ಬಂದೂಕಿನ ಅರ್ಜಿ ಇತ್ತು. ಅವನದೂ ಹಂದಿ ಕಾಟವಂತೆ. ಪಕ್ಕದ ಹೊಲದವನನ್ನು ಕೇಳಿದರೆ ‘ದ್ವೇಷ ಗೀಷ ಏನಿಲ್ಲ ಸಾರ್’ ಅಂದ. ಸಾಹೇಬರು ಬರೆದುಕೊಂಡು ಫೈಲು ಮುಚ್ಚುತ್ತಿದ್ದರು. ನಾನು ಆ ಮನುಷ್ಯನ ಮುಖ ನೋಡಿದೆ. ‘ಇನ್ನೊಂದ್ ಸಲ ಕೇಳಿ ಸಾರ್’ ಅಂದೆ. ಕೇಳಿದರು. ಬಾವಿ ಜಗಳವೊಂದು ಹೊರಗೆ ಬಂತು.

ಎಪ್ಪತ್ತೊಂದರಲ್ಲಿ ಇನ್ನು ಹತ್ತು ಉಳಿದಿವೆ. ಹನ್ನೊಂದನೆಯದು ನೀನು.

ಪೊಲೀಸರ ಮುಂದೆ ಹೇಳಿದ್ದು ನಿಲ್ಲಲ್ಲ ಅಂದನಲ್ಲ ನಿನ್ನ ಲಾಯರು. ನೀನು ನನಗೆ ನಿನ್ನ ಕೈಯಾರೆ ಬರೆದ ಕಾಗದ ನಿಲ್ಲುತ್ತದಾ ಅಂತ ಕೇಳು. ತಂತಿ ನನ್ನದೇ ಅಂತ ಬರೆದ ಜುಲೈ ತಿಂಗಳದ್ದು, ಉಳಿದವೆಲ್ಲ, ಕವರಿನ ಸಮೇತ ಸಾಹೇಬರಿಗೆ ಕೊಟ್ಟಿದ್ದೇನೆ. ಅವರು ಓದಿ ‘ನಿನ್ನ ಕಾಗದಗಳೂ ಹೊರಗೆ ಬರ್ತವೆ ಕಣಯ್ಯ. ಕೊಲೆ ಬೆದರಿಕೆ ಅಂತ ನಿನ್ನ ಮೇಲೂ ಕೇಸಾಗ್ತದೆ’ ಅಂದರು. ‘ಆಗ್ಲಿ ಬುಡಿ ಸಾರ್’ ಅಂದೆ. ನನ್ನವು ನಿನ್ನ ಹತ್ತಿರ ಇದ್ದರೆ ಹರಿಯಬೇಡ, ತಂದು ಕೊಡು. ಸೋಮವಾರದ ಫೋನಿನ ಹೇಳಿಕೆಯನ್ನೂ ನಾನೇ ಬರೆಸಿ ಸೈನ್ ಹಾಕಿದ್ದೇನೆ. ಈ ಸಲ ಓದಿ ಹಾಕಿದೆ.

ಮಂದೆ ತರುವುದಿಲ್ಲ. ನಿನ್ನ ತೋಟ ಗೊಬ್ಬರವಿಲ್ಲದೆ ಒಣಗಲಿ.

ಬಂದೂಕು ಸಿಕ್ಕಿದ್ದರೆ ನಿನಗೆ ಎಷ್ಟು ಸುಲಭವಾಗುತ್ತಿತ್ತು ಈರ. ಒಂದು ಸದ್ದು, ಅದೂ ನಿನಗೆ ಕೇಳಿಸುತ್ತಿತ್ತೋ ಇಲ್ಲವೋ. ಆಮೇಲೆ ಊರವರೆಲ್ಲ ನಿನ್ನನ್ನು ಪಾಪ ಅನ್ನುತ್ತಿದ್ದರು, ನನ್ನ ಮಗ ಒದ್ದೆ ಕೈಯವನಾಗಿಯೇ ಉಳಿಯುತ್ತಿದ್ದ. ಈಗ ನೀನು ಕಟಕಟೆಯಲ್ಲಿ ನಿಲ್ಲಬೇಕು. ನಿನ್ನ ಬೀಗರು ಬಂದಿರುತ್ತಾರೆ, ನಮ್ಮ ಹಟ್ಟಿಯ ಹಿರೀಕರು ಬಂದಿರುತ್ತಾರೆ, ರಂಗಕ್ಕ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಚಿತ್ತೇಶ ಸ್ಟಾರ್ಟರ್ ಮುಟ್ಟಲೇ ಇಲ್ಲ ಅಂತ ನೀನು ಬಾಯಿಬಿಟ್ಟು ಹೇಳಬೇಕು. ಅವಳಿಗೆ ಎಡಗಿವಿ ಮಂದ, ಗಟ್ಟಿಯಾಗಿ ಹೇಳಬೇಕು. ಕೇಳಿಸಲಿಲ್ಲ ಅಂದರೆ ಇನ್ನೊಂದು ಸಲ ಹೇಳಿಸುತ್ತೇನೆ.

ನಾಳೆ ಆರು ಗಂಟೆಗೆ ಸಾಹೇಬರನ್ನು ಹತ್ತಿಸಿಕೊಳ್ಳಬೇಕು. ಸೋಮವಾರವೇ, ಆದರೂ ಹೊರಡುತ್ತೇನೆ.

ಜುಂಜಣ್ಣ